ಹೂಜಿಯಲ್ಲಿ ಉಳಿದ ಚೀಟಿ

ಎರ್ಸಿಲಿಯಾ ವಂದೆಲ್ಲಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ನನಗೆ ಇದೆ. ನಮ್ಮ ಅಷ್ಟು ವರ್ಷದ ಗೆಳೆತನದಲ್ಲಿ ಈ ವಿಷಯಕ್ಕೆ ಒಂದು ದಿನವೂ ಜಗಳವಾಗಲಿಲ್ಲ. ಜಗಳವಾಗಿದ್ದೆಲ್ಲ ಸಾರಿಗೆ ಜಾಯಿಕಾಯಿ ಎಷ್ಟು ತುರಿಯಬೇಕು, ಬೆಕ್ಕನ್ನು ಒಳ್ಳೆಯ ಕುರ್ಚಿಯ ಮೇಲೆ ಮಲಗಿಸಬಹುದೇ ಎಂಬಂಥ ಮುಖ್ಯ ಸಂಗತಿಗಳಿಗೆ. ನಾನು ಚರ್ಚಿನಲ್ಲಿ ಬೆಳಗಿನ ಮೊದಲ ಪೂಜೆ ಮುಗಿಸಿ ಬರುವ ದಾರಿಯಲ್ಲಿ ಅವಳ ಬಾಗಿಲು ಬಡಿದು ಎಬ್ಬಿಸಿ, ಅಲ್ಲೇ ಕಾಫಿ ಕುಡಿದು ಮನೆಗೆ ಹೋಗುತ್ತಿದ್ದೆ.

"ಹೇಗಿದ್ದಾನೆ ನಿಮ್ಮ ದೇವರು?" ಎಂದು ಆಕಳಿಸುತ್ತ ಕೇಳುವಳು.

"ಚೆನ್ನಾಗಿದ್ದಾನೆ. ಆ ಸೋಮಾರಿ ಇನ್ನೂ ಎದ್ದಿಲ್ವಾ ಅಂತ ನಿನ್ನನ್ನೇ ಕೇಳ್ತಿದ್ದ," ಎನ್ನುವೆ.

ಅಲ್ಲಿಗೆ ನಮ್ಮ ಧರ್ಮಚರ್ಚೆ ಮುಗಿಯುತ್ತಿತ್ತು.

ಆಗ ನಮ್ಮ ಬೊಲೊನ್ಯಾ ಊರಿನಲ್ಲಿ ಅವಳಂಥ ಆಶುಕವಿ ಇನ್ನೊಬ್ಬರಿರಲಿಲ್ಲ. ಕೇಳಲು ಕೂತವರು ತಮಗೆ ತೋಚಿದ ವಿಷಯವನ್ನು ಕಾಗದದ ಚೂರಿನಲ್ಲಿ ಬರೆದು ನೀಲಿ ಪಿಂಗಾಣಿ ಹೂಜಿಯೊಂದಕ್ಕೆ ಹಾಕುವರು. ಅವಳು ಕಣ್ಣು ಮುಚ್ಚಿ ಒಂದನ್ನು ಎತ್ತಿ, ಓದಿ, ಒಂದು ಗುಟುಕು ನೀರು ಕುಡಿದು, ನಿಂತ ನಿಲುವಿನಲ್ಲೇ ಪದ್ಯ ಕಟ್ಟಿ ಹಾಡುವಳು. ಗಂಡ ತೀರಿಕೊಂಡ ಮೇಲೆ ಅವಳ ಹೊಟ್ಟೆಪಾಡೂ ಅದೇ, ಉಸಿರೂ ಅದೇ. ಪ್ರತಿ ಅಕ್ಟೋಬರಿನಲ್ಲಿ ರಂಗಮಂದಿರದಲ್ಲಿ ಒಂದು ಸಂಜೆ ಪೂರ್ತಿ ಅವಳದು. ಆ ಸಂಜೆಯ ನೆನಪಿನಲ್ಲಿ ಅರ್ಧ ವರ್ಷ, ಅದರ ಕನಸಿನಲ್ಲಿ ಇನ್ನರ್ಧ ವರ್ಷ ಬದುಕುತ್ತಿದ್ದಳು.

ಗುರುವಾರದ ಸಂಜೆ ಅವಳ ಮನೆಯಲ್ಲಿ ಸಾಹಿತಿಗಳ ಕೂಟ. ಹತ್ತು ಹನ್ನೆರಡು ಜನ ಗಂಡಸರು ಬರುವರು, ನಿಂಬೆಯ ಶರಬತ್ತು ಕುಡಿಯುವರು, ನಮ್ಮೂರನ್ನು ಆಳುವ ಪೋಪ್ ಸರಕಾರವನ್ನೂ ಪಾದ್ರಿಗಳನ್ನೂ ಬಯ್ಯುವರು. ಕೌಂಟ್ ಸ್ಕಾರ್ಸೆಲ್ಲಿ ಮೂಢನಂಬಿಕೆಯ ಮೇಲೆ ಒಂದು ದೀರ್ಘ ಕಾವ್ಯ ಬರೆಯುತ್ತಿದ್ದ; ಅದು ಮುಗಿಯುವ ಲಕ್ಷಣ ಕಾಣಿಸುತ್ತಿರಲಿಲ್ಲ. ವಕೀಲ ಬಿಯಾವಾತಿ ನರಕ ಇಲ್ಲವೆಂದು ಮೇಜು ಗುದ್ದಿ ಸಾಬೀತು ಮಾಡುತ್ತಿದ್ದ. ಕಿಟಕಿ ತೆರೆದಿದ್ದರೆ ಮಾತ್ರ ಮೆಲ್ಲಗೆ ಗುದ್ದುತ್ತಿದ್ದ. ನಾನು ಮೂಲೆಯಲ್ಲಿ ಕೂತು ಹೆಣಿಗೆ ಹಾಕುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಅವರ ದೃಷ್ಟಿಯಲ್ಲಿ ನಾನು ಜಪಮಾಲೆ ಹಿಡಿದ ವಿಧವೆ ತೆಯೊದೋಲಿಂದಾ. ನನ್ನೆದುರು ಏನು ಮಾತಾಡಿದರೂ ಕುರ್ಚಿಯ ಎದುರು ಮಾತಾಡಿದ ಹಾಗೆ.

ಇಷ್ಟೆಲ್ಲ ಧೀರರು ಈಸ್ಟರ್ ಬಂತೆಂದರೆ ಮೆತ್ತಗಾಗುತ್ತಿದ್ದರು. ನಮ್ಮಲ್ಲಿ ಈಸ್ಟರಿಗೆ ಪಾಪನಿವೇದನೆ ಮಾಡಿ ಪರಮಪ್ರಸಾದ ತೆಗೆದುಕೊಂಡವರಿಗೆ ಅಲ್ಲೇ ಒಂದು ಅಚ್ಚಿನ ಚೀಟಿ ಕೊಡುತ್ತಾರೆ. ಹಬ್ಬ ಕಳೆದ ಮೇಲೆ ಪಾದ್ರಿ ಮನೆಮನೆಗೆ ಬಂದು, ಮನೆಯಲ್ಲಿ ಎಷ್ಟು ಜನರೋ ಅಷ್ಟು ಚೀಟಿ ಎಣಿಸಿಕೊಂಡು ಹೋಗುತ್ತಾರೆ. ಚೀಟಿ ಇಲ್ಲದವರ ಹೆಸರು ಆಗಸ್ಟಿನಲ್ಲಿ, ಸಂತ ಬಾರ್ತಲೋಮಿಯೊ ಹಬ್ಬದ ದಿನ, ಚರ್ಚಿನ ಬಾಗಿಲಿಗೆ ಅಂಟಿಸುವ ಹಾಳೆಗೆ ಏರುತ್ತದೆ. ಆಮೇಲೆ ಅವರು ಒಳಗೆ ಕಾಲಿಡುವಂತಿಲ್ಲ. ಕೆಲಸದಲ್ಲಿದ್ದವರ ಕೆಲಸ ಹೋಗುತ್ತದೆ, ಹಾಡುವವರಿಗೆ ರಂಗಮಂದಿರದ ಪರವಾನಗಿ ಸಿಗುವುದಿಲ್ಲ.

ನಂಬಿಕೆ ಇಲ್ಲದವರು ಏನು ಮಾಡುತ್ತಾರೆ? ಕೊಳ್ಳುತ್ತಾರೆ. ಗಾಜ್ಜಾ ಎಂಬ ಮುದುಕಿಯೊಬ್ಬಳಿದ್ದಳು. ಬೇರೆ ಬೇರೆ ಮುಸುಕು ಹೊದ್ದು ಒಂದೇ ಬೆಳಿಗ್ಗೆ ಎಲ್ಲ ಪೂಜೆಗೂ ಹೋಗಿ, ಎಲ್ಲದರಲ್ಲೂ ಪ್ರಸಾದ ತೆಗೆದುಕೊಂಡು, ಚೀಟಿಗಳನ್ನು ದೊಡ್ಡ ಮನುಷ್ಯರಿಗೆ ಮಾರುತ್ತಿದ್ದಳು. ನಮ್ಮ ಗುರುವಾರದ ನಾಸ್ತಿಕರೆಲ್ಲ ಅವಳ ಹಳೆಯ ಗಿರಾಕಿಗಳು. ಇದು ನನಗೆ ಸಂಕಟದ ವಿಷಯ. ದೇವರಿಲ್ಲ ಎನ್ನುವವನನ್ನು ನಾನು ಸಹಿಸಬಲ್ಲೆ. ದೇವರನ್ನು ಮುದುಕಿಯ ಕೈಲಿ ಕಳ್ಳತನದಿಂದ ತರಿಸಿಕೊಂಡು ಜೇಬಿನಲ್ಲಿಡುವವನನ್ನು ಕಂಡರೆ ಮೈ ಉರಿಯುತ್ತದೆ.

ಎರ್ಸಿಲಿಯಾ ಮೊದಲು ಪಾಪನಿವೇದನೆಗೆ ಹೋಗುತ್ತಿದ್ದಳು. ಸರಕಾರದ ವಿರುದ್ಧದ ಗುಪ್ತ ಸಂಘಗಳಲ್ಲಿ ಇರುವವರು ಯಾರೆಂದು ಪಾದ್ರಿಗಳು ನಿವೇದನೆಯ ಗೂಡಿನಲ್ಲಿ ಕೇಳಬೇಕು, ಹೆಸರು ಹೇಳದವರಿಗೆ ಪಾಪಕ್ಷಮೆ ಕೊಡಬಾರದು ಎಂಬ ಆಜ್ಞೆ ಬಂದ ವರ್ಷ ನಿಲ್ಲಿಸಿಬಿಟ್ಟಳು.

"ನನ್ನ ಪಾಪ ಹೇಳು ಅಂದ್ರೆ ಹೇಳ್ತೀನಿ, ಬೇಕಾದಷ್ಟಿದೆ," ಎಂದಳು ನನ್ನೊಡನೆ. "ಪರರ ಹೆಸರು ಹೇಳು ಅಂದ್ರೆ ಅದು ನಿವೇದನೆ ಅಲ್ಲ ಲಿಂದಾ, ಚಾಡಿ. ನಿಜ ಹೇಳ್ಲಾ? ಬಿಟ್ಟ ಮೇಲೆ ನಂಗೇನೂ ಕಳಕೊಂಡ ಹಾಗೆ ಅನ್ನಿಸ್ಲೇ ಇಲ್ಲ. ಅಂದ್ರೆ ಮೊದಲಿಂದ್ಲೂ ನನ್ನಲ್ಲೇನೂ ಇರ್ಲಿಲ್ಲ."

ಹಳೆಯ ಪಾದ್ರಿ ಕಣ್ಣು ಕಾಣದವರು, ಹೇಗೋ ಎರಡು ವರ್ಷ ನಡೆದುಹೋಯಿತು. ಮೂರನೆಯ ವರ್ಷ ಅವರ ಜಾಗಕ್ಕೆ ದೊನ್ ಎಲಿಜಿಯೊ ಬಂದಿದ್ದರು. ಅವರಿಗೆ ಕಣ್ಣೂ ಕಾಣುತ್ತಿತ್ತು, ಲೆಕ್ಕವೂ ಬರುತ್ತಿತ್ತು. ಗಾಜ್ಜಾಳಿಂದ ಒಂದು ಚೀಟಿ ತರಿಸು ಎಂದು ಎಲ್ಲರೂ ಹೇಳಿದರು. ಎರ್ಸಿಲಿಯಾ ಒಪ್ಪಲಿಲ್ಲ.

"ಅಕ್ಟೋಬರ್ ಗತಿ ಏನು?" ಎಂದೆ ನಾನು.

"ಅಕ್ಟೋಬರ್ ಇಲ್ದೆ ಬದುಕಕ್ಕಾಗಲ್ಲ," ಎಂದಳು. ಕಣ್ಣು ತುಂಬಿತ್ತು. "ಆದ್ರೆ ಸುಳ್ಳು ಹೇಳಿದ ಬಾಯಲ್ಲಿ ನಿಂತ ಕಾಲಲ್ಲಿ ಪದ್ಯ ಬರಲ್ಲ ಕಣೇ. ಕೂತು ಬರೆಯೋರಿಗೆ ಬರಬಹುದು. ನಂಗೆ ಬರಲ್ಲ."

ಆ ಮಾತು ಕೇಳಿ ನನಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ನನ್ನ ಚೀಟಿ ಇತ್ತಲ್ಲ, ಮೊಣಕಾಲೂರಿ ಪಡೆದ ಸಾಚಾ ಚೀಟಿ! ಪ್ರಸಾದ ನನ್ನೊಳಗೆ ಸೇರಿಯಾಗಿದೆ. ಕಾಗದ ಬಿಷಪ್ಪರ ಗುಮಾಸ್ತನಿಗೆ ಸೇರಿದ್ದು. ನನಗೆ ಪ್ರಸಾದ ಕೊಟ್ಟವರು ಸ್ವತಃ ದೊನ್ ಎಲಿಜಿಯೊ. ನನ್ನ ಚೀಟಿ ಕೇಳಲು ಅವರಿಗೆ ಮುಖ ಎಲ್ಲಿಂದ ಬರಬೇಕು? ಅವಳ ಮನೆಯ ಕೆಲಸದ ಮೆಂಗಾಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಚೀಟಿಯನ್ನು ಅವಳ ಕೈಲಿಟ್ಟೆ.

"ಪಾದ್ರಿ ಬಂದಾಗ ನಿನ್ನ ಚೀಟಿ ಜೊತೆ ಇದನ್ನೂ ಕೊಟ್ಟುಬಿಡು. ಅವಳಿಗೆ ಗೊತ್ತಾಗಬಾರದು."

ಮೆಂಗಾ ನನ್ನನ್ನು ವಿಚಿತ್ರವಾಗಿ ನೋಡಿದಳು. "ಆಗಲಮ್ಮ, ನೀವೂ ಇಡಿ," ಎಂದಳು. ಆ "ನೀವೂ" ಎಂಬುದನ್ನು ನಾನು ಗಮನಿಸಬೇಕಿತ್ತು.

ದೊನ್ ಎಲಿಜಿಯೊ ಗುರುವಾರ ಬೆಳಿಗ್ಗೆ ಬಂದರು. ನಾನು ಕಾಫಿ ಕುಡಿಯುತ್ತಿದ್ದೆ. ದಪ್ಪ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಎರ್ಸಿಲಿಯಾ ಕುರ್ಚಿ ಕೊಟ್ಟಳು, ಬೆಕ್ಕನ್ನು ಎಬ್ಬಿಸಿ.

"ಮನೇಲಿ ಇಬ್ಬರು ಅಲ್ವಾ ಸಿನ್ಯೋರಾ?" ಎಂದರು.

ಎರ್ಸಿಲಿಯಾ ಬಾಯಿ ತೆರೆಯುವಷ್ಟರಲ್ಲಿ ಮೆಂಗಾ ತಟ್ಟೆ ಹಿಡಿದುಕೊಂಡು ಬಂದು ಮೇಜಿನ ಮೇಲಿಟ್ಟಳು. ತಟ್ಟೆಯಲ್ಲಿ ಎಂಟು ಚೀಟಿಗಳಿದ್ದವು.

ದೊನ್ ಎಲಿಜಿಯೊ ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. "ಬೆಕ್ಕೂ ಪ್ರಸಾದ ತಗೊಂಡಿದೆಯಾ?" ಎಂದರು.

"ಮೆಂಗಾ, ಏನೇ ಇದು?" ಎಂದಳು ಎರ್ಸಿಲಿಯಾ.

"ಯಾರಿಗೂ ಹೇಳಬೇಡ ಅಂತ ಒಬ್ಬೊಬ್ಬರೂ ಆಣೆ ಹಾಕಿಸಿಕೊಂಡ್ರಮ್ಮ," ಎಂದಳು ಮೆಂಗಾ ಅಳು ದನಿಯಲ್ಲಿ. "ಅದಕ್ಕೇ ಯಾರಿಗೂ ಹೇಳಲಿಲ್ಲ. ಯಾರದನ್ನ ಕೊಡೋದು ಯಾರದನ್ನ ಬಿಡೋದು ಅಂತ ತಿಳೀಲಿಲ್ಲ, ಎಲ್ಲಾ ತಂದೆ."

ಗುರುವಾರದ ಗಂಡಸರಲ್ಲಿ ಆರು ಜನ, ಒಬ್ಬರಿಗೊಬ್ಬರು ತಿಳಿಸದೆ, ಅಡುಗೆಮನೆಯ ಬಾಗಿಲಿನಿಂದ ಬಂದು ತಮ್ಮ ತಮ್ಮ ಚೀಟಿಯನ್ನು ಕೊಟ್ಟು ಹೋಗಿದ್ದರು. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಅವರನ್ನು ಅಷ್ಟು ಬೈದುಕೊಳ್ಳುತ್ತಿದ್ದೆನಲ್ಲ, ಪಾಪ, ಒಳ್ಳೆಯ ಮನಸ್ಸು ಇಲ್ಲದವರಲ್ಲ.

ಎರ್ಸಿಲಿಯಾ ಒಂದೇ ಒಂದು ಚೀಟಿ ಎತ್ತಿ ಪಾದ್ರಿಯ ಕೈಗೆ ಕೊಟ್ಟಳು. "ಇದು ಮೆಂಗಾದು. ಉಳಿದದ್ದು ಈ ಮನೇದಲ್ಲ. ನಾನು ಪ್ರಸಾದ ತಗೊಂಡಿಲ್ಲ."

"ಹಾಗಾದ್ರೆ ಯಾರದು?" ಪಾದ್ರಿ ಮುಂದಕ್ಕೆ ಬಾಗಿದರು. "ಇದು ಪ್ರಸಾದದ ವ್ಯಾಪಾರ ಸಿನ್ಯೋರಾ, ಸಣ್ಣ ವಿಷಯ ಅಲ್ಲ. ಯಾರು ಕೊಟ್ಟರು ಅಂತ ಹೇಳಿಬಿಡಿ. ನಿಮ್ಮ ವಿಷಯ ನಾನು ಹೇಗಾದ್ರೂ ಸರಿಮಾಡ್ತೀನಿ. ಅಕ್ಟೋಬರಿನಲ್ಲಿ ನಿಮ್ಮ ಹಾಡು ಕೇಳಬೇಕು ಅಂತ ನನಗೂ ಆಸೆ ಇದೆ."

"ಇದೇ ಪ್ರಶ್ನೆ ಗೂಡಿನಲ್ಲಿ ಕೇಳ್ತಾರೆ ಅಂತ ಗೂಡಿಗೆ ಬರೋದು ಬಿಟ್ಟೆ ಸ್ವಾಮಿ," ಎಂದಳು ಎರ್ಸಿಲಿಯಾ. "ಈಗ ನನ್ನ ಮನೇಗೇ ಬಂದು ಕೇಳ್ತಿದೀರಿ. ಇಲ್ಲೂ ಅದೇ ಉತ್ತರ."

ಪಾದ್ರಿ ನಿಟ್ಟುಸಿರು ಬಿಟ್ಟು ಎದ್ದರು. "ಸಂತ ಬಾರ್ತಲೋಮಿಯೊ ದಿನ ನಿಮ್ಮ ಹೆಸರು ಬಾಗಿಲಲ್ಲಿರುತ್ತೆ. ಬೇರೆ ದಾರಿ ಇಲ್ಲ. ನಾಳೆಯಿಂದ ಮೇಲಿನ ಬೀದಿಗಳ ದೊಡ್ಡ ಮನೆಗಳಿಗೆ ಹೋಗ್ತೀನಿ. ಯಾರ ಹತ್ತಿರ ಚೀಟಿ ಇಲ್ಲವೋ ಆಗ ತಾನಾಗೇ ತಿಳಿಯುತ್ತೆ."

ಅವರು ಇಳಿದು ಹೋದ ಮೇಲೆ ನಮಗಿಬ್ಬರಿಗೂ ಅರ್ಥವಾಯಿತು. ಕೊಟ್ಟು ಹೋದ ಗಂಡಸರ ಹತ್ತಿರ ಈಗ ಚೀಟಿ ಇಲ್ಲ. ಹಬ್ಬ ಕಳೆದಿದೆ, ಗಾಜ್ಜಾಳ ಮುಸುಕುಗಳೆಲ್ಲ ಪೆಟ್ಟಿಗೆ ಸೇರಿವೆ, ಇನ್ನೊಂದು ಚೀಟಿ ಎಲ್ಲೂ ಹುಟ್ಟುವುದಿಲ್ಲ. ಅವಳನ್ನು ಉಳಿಸಲು ಹೋಗಿ ತಾವೇ ಸಿಕ್ಕಿಬೀಳುತ್ತಿದ್ದರು.

"ಕತ್ತೆಗಳು," ಎಂದಳು ಎರ್ಸಿಲಿಯಾ. "ಮುದ್ದು ಕತ್ತೆಗಳು." ಅಷ್ಟು ಹೇಳಿ ಏಳೂ ಚೀಟಿಗಳನ್ನು ಹೂಜಿಗೆ ಹಾಕಿದಳು. ಯಾರು ಯಾರು ಕೊಟ್ಟದ್ದೆಂದು ಮೆಂಗಾಳನ್ನು ಕೇಳಲಿಲ್ಲ. ನನ್ನದೂ ಅದರಲ್ಲಿದೆಯೆಂಬ ಸಂಶಯ ಅವಳಿಗೆ ಬರಲು ಸಾಧ್ಯವೇ ಇರಲಿಲ್ಲ.

ಆ ಸಂಜೆ ಎಲ್ಲರೂ ಬಂದರು. ಪಾದ್ರಿ ನಾಳೆ ಮೇಲಿನ ಬೀದಿಗೆ ಬರುವ ಸುದ್ದಿ ಊರೆಲ್ಲ ಹರಡಿತ್ತು. ಕೌಂಟ್ ಮೂರು ಸಲ ಅಡುಗೆಮನೆಯ ಕಡೆ ಹೊರಟು ಮೂರು ಸಲ ಹಿಂದಿರುಗಿದ. ಬಿಯಾವಾತಿ ನರಕದ ಸುದ್ದಿಯನ್ನೇ ಎತ್ತಲಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ಯಾವ ಗಂಡಸಿಗೆ ತಾನೇ ಸುಲಭ? ಅದೂ ಹೆಂಗಸಿನ ಮನೆಯಲ್ಲಿ, ಇತರರ ಎದುರು.

ಎರ್ಸಿಲಿಯಾ ಹೂಜಿಯನ್ನು ಎತ್ತಿ ಬಾಯಿಗೆ ಕರವಸ್ತ್ರ ಮುಚ್ಚಿದಳು.

"ಇವತ್ತು ವಿಷಯ ಯಾರೂ ಹಾಕಬೇಕಾಗಿಲ್ಲ, ನಾನೇ ಆರಿಸಿಕೊಂಡಿದೀನಿ. ಇವತ್ತು ಹೂಜಿಯಿಂದ ತೆಗೆಯೋದು ಮಾತ್ರ. ಯಾರದು ಅದರಲ್ಲಿದೆಯೋ ಅವರು ಕೈ ಹಾಕಿ ತಗೊಳ್ಳಿ. ಇಲ್ಲದವರು ಸುಮ್ಮನೆ ಕೈ ಹಾಕಿ ಬರಿಗೈ ತೆಗೀರಿ. ನಾನು ಕಿಟಕಿ ಕಡೆ ತಿರುಗಿಕೊಂಡಿರ್ತೀನಿ. ನಿಮ್ಮಲ್ಲಿ ಯಾರೂ ಪಕ್ಕದವರ ಕೈ ನೋಡಬೇಡಿ."

ಅವಳು ಕಿಟಕಿಗೆ ಮುಖ ಮಾಡಿ ನಿಂತಳು. ಹೊರಗೆ ಇನ್ನೂ ಬೆಳಕಿತ್ತು. ಅವಳು ಆರಿಸಿಕೊಂಡ ವಿಷಯ ಪೇತ್ರ. ಯೇಸುವನ್ನು ಹಿಡಿದುಕೊಂಡು ಹೋದ ಮೇಲೆ ಅಂಗಳದ ಬೆಂಕಿಗೆ ಕೈ ಕಾಯಿಸುತ್ತ, "ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ" ಎಂದನಲ್ಲ, ಆ ಶಿಷ್ಯ. ಇವರೆಲ್ಲರನ್ನೂ ಈಗ ಸುಡುತ್ತಾಳೆ ಎಂದುಕೊಂಡೆ. ಅವಳು ಸುಡಲಿಲ್ಲ. ಆ ಚಳಿಯನ್ನು ಹಾಡಿದಳು. ಪೇತ್ರನ ಬೆರಳುಗಳು ಎಷ್ಟು ಸೆಟೆದಿದ್ದವು, ಬೆಂಕಿ ಎಷ್ಟು ಹತ್ತಿರವಿತ್ತು, ಮನೆಯಲ್ಲಿ ಹೆಂಡತಿ ಹೇಗೆ ಕಾಯುತ್ತಿದ್ದಳು ಎಂದು ಹಾಡಿದಳು. ಅವನ ಪರವಾಗಿ ಅಷ್ಟು ಚೆನ್ನಾಗಿ ಯಾವ ಪಾದ್ರಿಯೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವಳ ಬೆನ್ನ ಹಿಂದೆ ಹೂಜಿ ಕೈಯಿಂದ ಕೈಗೆ ಹೋಗುತ್ತಿತ್ತು. ಕೌಂಟ್ ಅಳುತ್ತಿದ್ದ. ಅಳುತ್ತಲೇ ಕೈ ಹಾಕಿದ.

ಕೊನೆಗೆ ಹೂಜಿ ನನ್ನ ಮಡಿಲಿಗೆ ಬಂತು. ಒಳಗೆ ಬೆರಳಾಡಿಸಿದೆ. ಒಂದೇ ಒಂದು ಚೀಟಿ ಇತ್ತು.

ತೆಗೆದುಕೊಳ್ಳಬೇಕೆಂದೇ ಕೈ ಹಾಕಿದ್ದೆ. ಚೀಟಿ ಇಲ್ಲವೆಂದರೆ ಬೆಳಗಿನ ಪೂಜೆ ತಪ್ಪಬಹುದು, ಅದು ತಪ್ಪಿದರೆ ನನ್ನ ದಿನವೇ ಹುಟ್ಟುವುದಿಲ್ಲ. ಆದರೆ ಕಿಟಕಿಯಲ್ಲಿ ಅವಳ ಬೆನ್ನು ಕಾಣಿಸಿತು. ಬಾಗಿಲ ಮೇಲಿನ ಹಾಳೆಯಲ್ಲಿ ಅವಳ ಹೆಸರು ಹೀಗೇ ಒಂಟಿಯಾಗಿ ನಿಲ್ಲುತ್ತದೆ ಎನ್ನಿಸಿತು. ಬರಿಗೈ ಹೊರಗೆ ತೆಗೆದೆ.

ಎಲ್ಲರೂ ಹೋದ ಮೇಲೆ ಎರ್ಸಿಲಿಯಾ ಹೂಜಿಯನ್ನು ಬೋರಲು ಹಾಕಿದಳು. ಚೀಟಿ ಮೇಜಿನ ಮೇಲೆ ಬಿತ್ತು. ಅವಳ ಮುಖ ಅರಳಿದ್ದನ್ನು ಹೇಗೆ ಹೇಳಲಿ!

"ಲಿಂದಾ, ಒಬ್ಬ ತಗೊಂಡಿಲ್ಲ! ಒಬ್ಬ ಗಂಡಸು ಇದ್ದಾನೆ ಕಣೇ ಈ ಊರಲ್ಲಿ!"

"ಹೌದು, ಇದ್ದ ಹಾಗಿದೆ," ಎಂದೆ.

ಬೇಸಗೆ ಪೂರ್ತಿ ಅವನು ಯಾರೆಂದು ಊಹಿಸುವುದೇ ಅವಳಿಗೆ ಕೆಲಸವಾಯಿತು. ಒಂದು ವಾರ ಕೌಂಟ್ ಇರಬೇಕೆಂದು ಅವನ ಕಾವ್ಯವನ್ನು ಆಸಕ್ತಿಯಿಂದ ಕೇಳಿದಳು. ಅವನು ಹೊಸದಾಗಿ ಇನ್ನೊಂದು ಸರ್ಗ ಬರೆದು ತಂದ. ಇನ್ನೊಂದು ವಾರ ಬಿಯಾವಾತಿಗೆ ಎರಡು ಲೋಟ ಶರಬತ್ತು. ನಾನು ತುಟಿ ಕಚ್ಚಿಕೊಂಡು ಹೆಣೆಯುತ್ತಿದ್ದೆ.

ನನ್ನ ಮನೆಗೆ ದೊನ್ ಎಲಿಜಿಯೊ ಎಲ್ಲರಿಗಿಂತ ಕೊನೆಯಲ್ಲಿ ಬಂದಿದ್ದರು, ಕೂತು ವಿಶ್ರಾಂತಿ ಪಡೆಯುವ ಮನೆಯೆಂದು.

"ಚೀಟಿ ಇಲ್ಲ," ಎಂದೆ.

"ತಮಾಷೆ ಮಾಡಬೇಡಿ ಸಿನ್ಯೋರಾ. ಈ ಕೈಯಿಂದ ನಿಮಗೆ ಪ್ರಸಾದ ಕೊಟ್ಟಿದೀನಿ."

"ಹಾಗಂತ ಬರ್ಕೊಳ್ಳಿ."

"ಹಾಗೆ ಬರೆಯೋ ಹಾಗಿಲ್ಲ, ಬಿಷಪ್ಪರ ಕಚೇರೀಲಿ ಚೀಟಿ ಎಣಿಸ್ತಾರೆ. ಕಳಕೊಂಡ್ರಾ?"

"ಇಲ್ಲ. ಎಲ್ಲಿದೆ ಅಂತ ಗೊತ್ತು."

"ಎಲ್ಲಿದೆ?"

"ಹೇಳಲ್ಲ."

ಅವರು ಬೆವರಿದರು, ಬೇಡಿಕೊಂಡರು, ಕೊನೆಗೆ ಕೋಪ ಮಾಡಿಕೊಂಡರು. ಪಾಪ, ನನ್ನ ಹೆಸರು ಬರೆದುಕೊಳ್ಳಲು ಅವರು ಮೂರು ಸಲ ಲೇಖನಿ ಅದ್ದಿದರು. ಅವರಿಗೆ ವೈನ್ ಬಗ್ಗಿಸಿ ಕೊಟ್ಟೆ.

ಸಂತ ಬಾರ್ತಲೋಮಿಯೊ ಹಬ್ಬ ಆ ವರ್ಷ ಭಾನುವಾರ ಬಂತು. ಬೆಳಿಗ್ಗೆಯೇ ಬಾಗಿಲಿನಲ್ಲಿ ಜನ ಮುತ್ತಿದ್ದರು. ಹಾಳೆಯಲ್ಲಿ ಎರಡೇ ಹೆಸರು. ಎರ್ಸಿಲಿಯಾ ತಲೆಯೆತ್ತಿಕೊಂಡು, ಒಳ್ಳೆಯ ಟೋಪಿ ಹಾಕಿಕೊಂಡು ನೋಡಲು ಬಂದಿದ್ದಳು. ತನ್ನ ಹೆಸರಿನ ಜೊತೆ ನಿಂತ ಆ ಧೀರ ಯಾರೆಂದು ತಿಳಿಯುವ ಆಸೆ ಅವಳಿಗೆ. ಮೊದಲು ತನ್ನದನ್ನು ಓದಿದಳು, ಆಮೇಲೆ ಅದರ ಕೆಳಗಿನದನ್ನು. ಟೋಪಿಯ ಅಂಚು ಮೇಲೆತ್ತಿ ಮತ್ತೊಮ್ಮೆ ಓದಿದಳು.

ನಾನು ಚರ್ಚಿನ ಮೆಟ್ಟಿಲ ಮೇಲೆ ಮೊಣಕಾಲೂರಿದ್ದೆ. ಒಳಗೆ ಹೋಗುವಂತಿಲ್ಲ, ಹೊರಗಿನಿಂದಲೇ ಪೂಜೆ ಕೇಳುತ್ತೇನೆ, ಯಾರು ತಡೆಯುತ್ತಾರೆ ನೋಡೋಣ ಎಂದುಕೊಂಡು ಬಂದಿದ್ದೆ. ಧೈರ್ಯವಾಗಿಯೇ ಬಂದಿದ್ದರೂ ಒಳಗಿನಿಂದ ಮೇಣದ ವಾಸನೆ ಬಂದಾಗ ಅಳು ತಡೆಯಲಾಗಲಿಲ್ಲ. ಎರ್ಸಿಲಿಯಾ ಬಂದು ಪಕ್ಕದಲ್ಲಿ ನಿಂತಳು.

"ನೀನಾ?" ಎಂದಳು. "ನೀನ್ಯಾಕೆ ಲಿಂದಾ? ನಿಂಗೆ ನಂಬಿಕೆ ಇದೆಯಲ್ಲೇ!"

"ಇದೆ. ಅದಕ್ಕೇ," ಎಂದೆ.

ಅವಳು ಒಳ್ಳೆಯ ಲಂಗ ಕೊಳೆಯಾಗುವುದನ್ನೂ ನೋಡದೆ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಬಿಸಿಲಿಗೆ ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದಳು. ಪೂಜೆಗೆ ಬಂದವರೆಲ್ಲ ನಮ್ಮನ್ನು ಸುತ್ತಿಕೊಂಡು ಹೋಗಬೇಕಾಯಿತು. ಪ್ರತಿದಿನ ತಮ್ಮ ಮುಂದಿನ ಸಾಲಿನಲ್ಲಿ ಮೊಣಕಾಲೂರುವ ಮುದಿವಿಧವೆಯ ಹೆಸರು ಬಾಗಿಲಲ್ಲಿ, ಅವಳು ಬಾಗಿಲ ಹೊರಗೆ. ಮೊದಲು ಪಿಸುಮಾತಾಯಿತು, ಆಮೇಲೆ ನಗು ಶುರುವಾಯಿತು. ನಕ್ಕಿದ್ದು ನನ್ನನ್ನು ನೋಡಿ ಅಲ್ಲ, ಹಾಳೆಯನ್ನು ನೋಡಿ. ಕೌಂಟ್ ಬಂದ, ನಮ್ಮನ್ನು ನೋಡಿದ, ಹಾಳೆ ನೋಡಿದ, ಟೋಪಿ ತೆಗೆದ. ಅದನ್ನು ಮತ್ತೆ ಹಾಕಿಕೊಂಡು, ಒಳಗೆ ಹೋಗದೆ, ಕಂಬಕ್ಕೆ ಒರಗಿ ನಿಂತ. ಸ್ವಲ್ಪ ಹೊತ್ತಿಗೆ ಬಿಯಾವಾತಿಯೂ ಅವನ ಪಕ್ಕ ಬಂದು ನಿಂತ.

ಪ್ರವಚನದ ಹೊತ್ತಾಯಿತು. ಒಳಗೆ ಯಾರೂ ಪ್ರವಚನಪೀಠದ ಕಡೆ ನೋಡುತ್ತಿರಲಿಲ್ಲ, ಎಲ್ಲರ ಕುತ್ತಿಗೆಯೂ ಬಾಗಿಲಿಗೆ ತಿರುಗಿತ್ತು. ದೊನ್ ಎಲಿಜಿಯೊ ಪೀಠ ಹತ್ತಲಿಲ್ಲ. ಪೂಜೆಯ ಬಟ್ಟೆಯಲ್ಲೇ ನಡುದಾರಿ ಹಿಡಿದು ಏದುಸಿರು ಬಿಡುತ್ತ ಹೊರಗೆ ಬಂದರು.

"ಏಳಿ ಸಿನ್ಯೋರಾ ತೆಯೊದೋಲಿಂದಾ, ಒಳಗೆ ಬನ್ನಿ. ನಿಮ್ಮ ಹೆಸರು ಹೊಡೆದುಹಾಕ್ತೀನಿ."

"ಚೀಟಿ ಇಲ್ವಲ್ಲ ಸ್ವಾಮಿ."

"ಚೀಟಿ ಹಾಳಾಗಿ ಹೋಗಲಿ! ಪ್ರಸಾದ ಕೊಟ್ಟವನು ನಾನು."

"ಚೀಟಿ ಇಲ್ಲದೆ ನಡೆಯುತ್ತೆ ಅಂದ್ರೆ ಇಬ್ಬರಿಗೂ ನಡೆಯಬೇಕು. ನಡೆಯಲ್ಲ ಅಂದ್ರೆ ಇಬ್ಬರ ಹೆಸರೂ ಇರಲಿ. ಬಿಸಿಲೇನೂ ಜೋರಿಲ್ಲ, ನಾನು ಇಲ್ಲೇ ಚೆನ್ನಾಗಿದೀನಿ. ನಾಳೇನೂ ಬರ್ತೀನಿ, ನಾಳಿದ್ದೂ ಬರ್ತೀನಿ."

ಪಾದ್ರಿ ನನ್ನನ್ನು ನೋಡಿದರು, ಕೊಡೆ ಹಿಡಿದ ಎರ್ಸಿಲಿಯಾಳನ್ನು ನೋಡಿದರು, ಕಂಬಕ್ಕೆ ಒರಗಿದವರನ್ನು ನೋಡಿದರು. ಆಮೇಲೆ ಕೈ ಎತ್ತಿ ಹಾಳೆಯನ್ನು ಮೂಲೆಯಿಂದ ಹಿಡಿದು ಕಿತ್ತರು.

"ಮಳೆ ಬಂದು ಹಾಳಾಯ್ತು ಅಂತ ಬಿಷಪ್ಪರಿಗೆ ಬರೀತೀನಿ," ಎಂದರು.

"ಈ ಒಣ ಆಗಸ್ಟಿನಲ್ಲಿ ಮಳೇನಾ ಸ್ವಾಮಿ?" ಎಂದ ಕೌಂಟ್.

"ಬಂತು ಅಂದ್ರೆ ಬಂತು!" ಪಾದ್ರಿ ಗುಡುಗಿದರು. ಹಾಳೆಯನ್ನು ಮುದುಡಿ ನಿಲುವಂಗಿಯ ತೋಳಿನೊಳಗೆ ತುರುಕಿಕೊಂಡು ಎರ್ಸಿಲಿಯಾಳ ಕಡೆ ತಿರುಗಿದರು. "ರಂಗಮಂದಿರದವರಿಗೆ ಹೇಳಿ, ನಮ್ಮ ಬಾಗಿಲಲ್ಲಿ ಯಾರ ಹೆಸರೂ ಇಲ್ಲ. ನೀವೂ ಒಳಗೆ ಬರ್ತೀರಾ?"

"ಇಲ್ಲ ಸ್ವಾಮಿ," ಎಂದಳು ಅವಳು ಮೃದುವಾಗಿ. "ನಂಗೆ ನಂಬಿಕೆ ಇಲ್ಲ."

ಅವರು ತಲೆಯಾಡಿಸಿದರು. ಮೊದಲ ಸಲ ಅವಳ ಮಾತನ್ನು ಮಾತಾಗಿ ಕೇಳಿಸಿಕೊಂಡ ಹಾಗಿತ್ತು.

ನಾನು ಏಳಲಾರದೆ ಎದ್ದೆ, ಮೊಣಕಾಲು ಹಿಡಿದುಕೊಂಡಿತ್ತು. ಎರ್ಸಿಲಿಯಾ ತೋಳು ಕೊಟ್ಟು ಎಬ್ಬಿಸಿ, ನನ್ನ ಲಂಗದ ಧೂಳು ಕೊಡವಿದಳು.

"ಹೋಗು, ಪೂಜೆ ಮುಗಿಸ್ಕೊಂಡು ಬಾ. ನಾನು ಇಲ್ಲೇ ಕೂತಿರ್ತೀನಿ."

"ನಮ್ಮ ದೇವರಿಗೆ ಏನಾದ್ರೂ ಹೇಳಬೇಕಾ?" ಎಂದೆ.

ಅವಳು ಯೋಚಿಸಿದಳು. "ಆ ಸೋಮಾರಿ ಇವತ್ತು ಬೇಗ ಎದ್ದಿದ್ದಾಳೆ ಅಂತ ಹೇಳು."

ಒಳಗೆ ಹೋದೆ. ಗಂಟೆ ಹೊಡೆಯುವವನು ಎಂದಿನಂತೆ ಬಾಗಿಲು ಎಳೆದುಕೊಳ್ಳಲು ಬಂದ. ನಾನು ಕೈ ಅಡ್ಡ ಇಟ್ಟು, ಇವತ್ತು ಮುಚ್ಚಬೇಡಪ್ಪ ಎಂದೆ. ಹಿಂದಿನ ಸಾಲಿನಲ್ಲೇ ಮೊಣಕಾಲೂರಿದೆ. ಅಲ್ಲಿಂದ ಅವಳ ಕೊಡೆಯ ಅಂಚು ಕಾಣಿಸುತ್ತಿತ್ತು.